ಭಾನುವಾರದ ಪ್ರಶ್ನೋತ್ತರ: ಆಯುರ್ವೇದ ಡಾಕ್ಟರ್ ಮೇಡಂ ಜೊತೆ (ರಾಯಚೂರು ಜಿಲ್ಲೆಯ ಗುಂಪು; ಕೇಳುವವರ ಹೆಸರಿನ ಬದಲು ಅವರ ಊರು ಹಾಕಿದೆ)

ಡಾಕ್ಟರ್: ಎಲ್ಲರಿಗೂ ನಮಸ್ಕಾರ. ಆಯುರ್ವೇದ ಅಂದ್ರೆ ಬರೀ ಪುಡಿ, ಕಷಾಯ ಅಲ್ಲ. ಊಟ, ನಿದ್ದೆ, ಕಾಲಕ್ಕೆ ತಕ್ಕ ದಿನಚರಿ ಮೊದಲು. ಔಷಧ ಆಮೇಲೆ. ಹಸಿವಾದಾಗ ಉಣ್ಣಿ. ಹೊಟ್ಟೆಯ ಅರ್ಧ ಊಟಕ್ಕೆ, ಕಾಲು ಭಾಗ ನೀರಿಗೆ, ಉಳಿದ ಕಾಲು ಖಾಲಿ ಬಿಡಿ. ಈಗ ಕೇಳಿ.

ಮಾನ್ವಿ: ಮೇಡಂ, ಈ ಬಿಸಿಲಲ್ಲಿ ಮಧ್ಯಾಹ್ನ ಮಲಗಬಹುದಾ? ಕಫ ಆಗುತ್ತೆ ಅಂತಾರೆ.

ಡಾಕ್ಟರ್: ಬೇರೆ ಕಾಲದಲ್ಲಿ ಹಗಲು ನಿದ್ದೆ ಬೇಡ. ಬೇಸಿಗೆಗೆ ಮಾತ್ರ ಗ್ರಂಥಗಳೇ ವಿನಾಯಿತಿ ಕೊಟ್ಟಿವೆ. ಸ್ವಲ್ಪ ಹೊತ್ತು ಮಲಗಿ. ಖಾರ, ಹುಳಿ, ಉಪ್ಪು ಕಡಿಮೆ ಮಾಡಿ. ರೊಟ್ಟಿ ಜೊತೆ ಕೆಂಪು ಚಟ್ನಿ ಬಿಟ್ಟು ಹೆಸರುಬೇಳೆ, ತುಪ್ಪ ತಗೊಳ್ಳಿ.

ರಾಯಚೂರು: ರಾತ್ರಿ ಮೊಸರು ತಿನ್ನಬಹುದಾ?

ಡಾಕ್ಟರ್: ಬೇಡ.

ಸಿಂಧನೂರು: ಮೇಡಂ, ನಮ್ಮ ಅವ್ವನಿಗೆ ಅರವತ್ತು ವರ್ಷ. ಮಂಡಿ ನೋವಿಗೆ ಸಂತೆಯಲ್ಲಿ ಒಬ್ಬರು ಕೊಟ್ಟ ಪುಡಿ ಆರು ತಿಂಗಳಿಂದ ತಗೋತಿದ್ದರು. ಎರಡೇ ದಿನಕ್ಕೆ ನೋವು ಹೋಗಿತ್ತು. ಈಗ ಮುಖ ದುಂಡಗೆ ಊದಿದೆ, ಹಸಿವು ಜಾಸ್ತಿ. ಮೊದಲು ಶುಗರ್ ಇರಲಿಲ್ಲ, ಹೋದ ವಾರ 280 ಬಂತು. ಮೊನ್ನೆ ಪುಡಿ ಮುಗೀತು. ಇವತ್ತು ವಾಂತಿ, ಎದ್ದು ನಿಂತರೆ ತಲೆ ತಿರುಗುತ್ತೆ.

ಡಾಕ್ಟರ್: ಉಳಿದವರು ಸ್ವಲ್ಪ ತಡೆಯಿರಿ, ಇವರದ್ದು ಮೊದಲು. ಸವೆದ ಮಂಡಿಯ ನೋವನ್ನು ಎರಡು ದಿನದಲ್ಲಿ ಪೂರ್ತಿ ಅಳಿಸೋ ಗಿಡಮೂಲಿಕೆ ನನಗೆ ಗೊತ್ತಿಲ್ಲ. ಪುಡಿಯಲ್ಲಿ ಸ್ಟೀರಾಯ್ಡ್, ಅಂದ್ರೆ ನೋವು, ಊತ ಬೇಗ ಅಡಗಿಸೋ ಬಲವಾದ ಇಂಗ್ಲಿಷ್ ಔಷಧ, ಬೆರೆಸಿರಬಹುದು ಅನ್ನೋದು ನನ್ನ ಸಂಶಯ. ಊದಿದ ಮುಖ, ಹಸಿವು, ಶುಗರ್ ಮೂರೂ ಅದಕ್ಕೆ ಹೊಂದುತ್ತವೆ. ಕಿಡ್ನಿ ಮೇಲಿನ ಗ್ರಂಥಿಗಳು ಇಂಥದ್ದೇ ರಸವನ್ನು ತಾವೇ ತಯಾರಿಸುತ್ತವೆ. ಹೊರಗಿಂದ ತಿಂಗಳುಗಟ್ಟಲೆ ಬಂದರೆ ಆ ಕೆಲಸ ನಿಲ್ಲಿಸುತ್ತವೆ. ಪುಡಿ ತಟ್ಟನೆ ನಿಂತರೆ ಬಿಪಿ ಇಳಿಯುತ್ತೆ, ವಾಂತಿ, ಸುಸ್ತು ಬರುತ್ತೆ, ಜೀವಕ್ಕೂ ಅಪಾಯ. ಈಗಲೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪುಡಿ ಖಾಲಿಯಾಗಿದ್ದರೂ ಪೊಟ್ಟಣದ ಕಾಗದ ಒಯ್ಯಿರಿ. ‘ಆರು ತಿಂಗಳು ತಿಂದಿದ್ದಾರೆ, ಮೊನ್ನೆ ನಿಂತಿದೆ, ಸ್ಟೀರಾಯ್ಡ್ ಸಂಶಯ ಇದೆ’ ಅಂತ ಮೊದಲೇ ಹೇಳಿ. ಬಿಪಿ, ಶುಗರ್, ಸೋಡಿಯಂ, ಪೊಟ್ಯಾಶಿಯಂ ನೋಡಲಿ. ಅದೇ ಪುಡಿ ಮತ್ತೆ ತಂದು ಕೊಡಬೇಡಿ.

ಎಲ್ಲರೂ ಕೇಳಿ. ಅಂಗಡಿಯಲ್ಲಿ ಮಾರುವ ಆಯುರ್ವೇದ ಔಷಧದ ಮೇಲೆ ತಯಾರಿಸಿದವರ ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಬೇಕು. ಏನೂ ಬರೆಯದ ಪೊಟ್ಟಣ ಬಾಯಿಗೆ ಹಾಕಬೇಡಿ.

ಲಿಂಗಸುಗೂರು: ಇಂಗ್ಲಿಷ್ ಗುಳಿಗೆಯಿಂದ ಕಿಡ್ನಿ ಹೋಗಲ್ವಾ ಮೇಡಂ? ನಮ್ಮ ತಾತ ಪುಡಿ ತಿಂದೇ ತೊಂಬತ್ತು ದಾಟಿದರು.

ದೇವದುರ್ಗ: ನಿಮ್ಮ ತಾತನ ಪುಡಿ ಊರಲ್ಲೇ ಕುಟ್ಟಿದ್ದು, ಕುಟ್ಟಿದವರು ಯಾರಂತ ಗೊತ್ತಿತ್ತು. ಸಂತೆಗೆ ಬಂದು ಹೋದವನನ್ನು ಎಲ್ಲಿ ಹುಡುಕ್ತೀರಿ?

ಲಿಂಗಸುಗೂರು: ನಿಮ್ಮದು ಮೆಡಿಕಲ್ ಅಂಗಡಿ. ಹಂಗೇ ಹೇಳ್ತೀರಿ.

ದೇವದುರ್ಗ: ಅಂಗಡಿ ಮಾತು ಯಾಕ್ರೀ ತೆಗೀತೀರಿ? ಅವರ ಅವ್ವ ವಾಂತಿ ಮಾಡ್ಕೋತಿದ್ದಾರೆ!

ಮಸ್ಕಿ: ಫಾರ್ವರ್ಡ್: ಎಕ್ಕದ ಎಲೆ ಪಾದಕ್ಕೆ ಕಟ್ಟಿ ಏಳು ದಿನ ಸಾಕ್ಸ್ ಹಾಕಿ, ಶುಗರ್ ಮಾಯ. ಎಲ್ಲರಿಗೂ ಕಳಿಸಿ.

ಡಾಕ್ಟರ್: ದಯವಿಟ್ಟು ಯಾರಿಗೂ ಕಳಿಸಬೇಡಿ, ಅಳಿಸಿ. ಶುಗರ್ ಹಳೆಯದಾದವರಿಗೆ ಎಷ್ಟೋ ಸಲ ಪಾದ ಜೋಮು ಹಿಡಿದಿರುತ್ತೆ. ಎಕ್ಕದ ಹಾಲು ಚರ್ಮ ಸುಟ್ಟರೂ ಗೊತ್ತಾಗಲ್ಲ. ಬೊಬ್ಬೆ ಹುಣ್ಣಾಗುತ್ತೆ, ಹುಣ್ಣು ಕೊಳೆತರೆ ಬೆರಳು ತೆಗೆಯಬೇಕಾಗುತ್ತೆ. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಮಸ್ಕಿ: ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ.

ಡಾಕ್ಟರ್: ಓದಿದವರು ನಾಳೆ ಕಟ್ಟಿಕೊಳ್ಳುತ್ತಾರಲ್ವಾ?

ಕವಿತಾಳ: ಕೂದಲು ಉದುರೋದಕ್ಕೆ ಯಾವ ಎಣ್ಣೆ ಒಳ್ಳೇದು ಮೇಡಂ?

ಮಾನ್ವಿ: ಬೆಳಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿಯಬಹುದಾ?

ಡಾಕ್ಟರ್: ಜೇನು ಬಿಸಿ ಮಾಡಬಾರದು ಅಂತ ಚರಕ ಸಂಹಿತೆಯಲ್ಲೇ ಇದೆ. ಬೇಡ.

ರಾಯಚೂರು: ಮೇಡಂ, ರಾತ್ರಿ ಮೊಸರಿಗೆ ಸಕ್ಕರೆ ಹಾಕಿದರೆ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಲಿಂಗಸುಗೂರು: ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಸಿಂಧನೂರು: ಗಾಡಿಗೆ ಹೇಳಿದ್ದೇವೆ ಮೇಡಂ, ಬರ್ತಾ ಇದೆ. ಅವ್ವ ತುಂಬಾ ಮಂಪರಲ್ಲಿದ್ದಾರೆ.

ಡಾಕ್ಟರ್: ಗಾಡಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಯಾವುದು ಮೊದಲು ಬರುತ್ತೋ ಅದರಲ್ಲಿ ಹೊರಡಿ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಪೊಟ್ಟಣದ ಕಾಗದ ಮರೀಬೇಡಿ.