ಕರ್ನಾಟಕ ಎಕ್ಸ್‌ಪ್ರೆಸ್ ಲೇಟಾದರೆ ಹರಿದ್ವಾರದ ಗಾಡಿ ಸಿಗುತ್ತಾ?

ಪ್ರಶ್ನೆ: ಸರ್, ಜನವರಿಯಲ್ಲಿ ಅಪ್ಪ ಅಮ್ಮ ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ನವದೆಹಲಿಗೆ ಹೊರಟಿದ್ದಾರೆ. ಮೂರನೇ ದಿನ ಬೆಳಿಗ್ಗೆ ಇಳಿದು, ಮಧ್ಯಾಹ್ನದ ಜನಶತಾಬ್ದಿಯಲ್ಲಿ ಹರಿದ್ವಾರಕ್ಕೆ. ಐದಾರು ಗಂಟೆ ಬಿಡುವಿದೆ, ಸಾಕಲ್ಲವೇ? ತಪ್ಪಿದರೆ ದುಡ್ಡು ಬರುತ್ತಾ?

ಉತ್ತರ: ಅಕ್ಟೋಬರ್ ಆಗಿದ್ದರೆ ಧಾರಾಳವಾಗಿ ಸಾಕು. ಜನವರಿಗೆ ಸಾಲದು. ಆಗ್ರಾ, ಮಥುರಾ ಕಡೆ ಮಂಜು ಕವಿದರೆ ಸಿಗ್ನಲ್ ಹತ್ತಿರ ಬರುವತನಕ ಕಾಣುವುದಿಲ್ಲ. ಎಂಜಿನ್ನಿನಲ್ಲಿರುವ ಫಾಗ್ ಪಾಸ್ ಯಂತ್ರ ಮುಂದಿನ ಸಿಗ್ನಲ್ ಎಷ್ಟು ದೂರ ಎಂದಷ್ಟೇ ಹೇಳುತ್ತದೆ. ಕೆಂಪೋ ಹಸಿರೋ ಎಂಬುದನ್ನು ಲೋಕೋ ಪೈಲಟ್ ಕಣ್ಣಾರೆ ನೋಡಬೇಕು. ವೇಗ ಇಳಿಸದೆ ವಿಧಿಯಿಲ್ಲ. ಹಿಂದಿನ ಗಾಡಿಗಳೆಲ್ಲ ಸಾಲುಗಟ್ಟುತ್ತವೆ. ಒಮ್ಮೆ ಸರದಿ ತಪ್ಪಿದ ಗಾಡಿಯನ್ನು ಲೂಪ್ ಲೈನಿಗೆ (ನಿಲ್ದಾಣದ ಪಕ್ಕದ ಹಳಿಗೆ) ಹಾಕಿ ಬೇರೆ ಗಾಡಿಗಳನ್ನು ಮುಂದೆ ಬಿಡುವುದೂ ಉಂಟು. ಒಂದು ಗಂಟೆಯ ವಿಳಂಬ ನಾಲ್ಕಾಗುವುದು ಹೀಗೆ. ಅರ್ಧ ಗಂಟೆ ತಡವಾದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಕೊನೆಯ ನಿಲ್ದಾಣಕ್ಕೆ ಮುಂಚೆ ವೇಳಾಪಟ್ಟಿಯಲ್ಲೇ ಒಂದಿಷ್ಟು ನಿಮಿಷ ಹೆಚ್ಚಿಗೆ ಇಟ್ಟಿರುತ್ತಾರೆ.

ವಯಸ್ಸಾದವರು, ಹಾಗಾಗಿ ದೆಹಲಿಯಲ್ಲಿ ಒಂದು ರಾತ್ರಿ ತಂಗಿ ಮರುದಿನ ಬೆಳಗಿನ ಶತಾಬ್ದಿ ಹಿಡಿಯುವುದು ಮೇಲು. ಕನ್ಫರ್ಮ್ ಟಿಕೆಟ್‌ನ ಪಿಎನ್‌ಆರ್ ಇದ್ದರೆ ರಿಟೈರಿಂಗ್ ರೂಮ್ (ನಿಲ್ದಾಣದಲ್ಲೇ ತಂಗುವ ಕೋಣೆ) ಆನ್‌ಲೈನ್‌ನಲ್ಲೇ ಕಾದಿರಿಸಬಹುದು.

ದುಡ್ಡಿನ ವಿಷಯ: ಎರಡೂ ಪಿಎನ್‌ಆರ್‌ಗಳನ್ನು ಐಆರ್‌ಸಿಟಿಸಿಯಲ್ಲಿ ಲಿಂಕ್ ಮಾಡಿ. ಹೆಸರು, ವಯಸ್ಸು ಎರಡರಲ್ಲೂ ಒಂದೇ ರೀತಿ ಇರಬೇಕು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ರದ್ದತಿ ಶುಲ್ಕವಿಲ್ಲದೆ ಎರಡನೇ ಟಿಕೆಟ್ಟಿನ ಹಣ ವಾಪಸ್. ಆದರೆ ಮೊದಲ ಗಾಡಿ ದೆಹಲಿ ಮುಟ್ಟಿದ 3 ಗಂಟೆಯೊಳಗೆ ಟಿಡಿಆರ್ (ಹಣ ವಾಪಸ್ ಕೋರುವ ಅರ್ಜಿ) ಹಾಕಬೇಕು. ಕುಲಿ, ಆಟೋ ಅಂತ ಓಡಾಡುವಾಗ ಇದು ಮರೆತುಹೋಗುತ್ತದೆ. ನೀವೇ ಊರಿನಿಂದ ಹಾಕಿಬಿಡಿ.

ಮರುಪ್ರಶ್ನೆ: ದೆಹಲಿಗೆ 4 ಗಂಟೆ ತಡವಾಗಿ ಮುಟ್ಟಿದರೆ ಕರ್ನಾಟಕ ಎಕ್ಸ್‌ಪ್ರೆಸ್ ಟಿಕೆಟ್ಟಿನ ಹಣ?

ಉತ್ತರ: ಬರುವುದಿಲ್ಲ. ಗಾಡಿ 3 ಗಂಟೆಗೂ ಮಿಕ್ಕಿ ತಡವಾದರೆ ಹಣ ವಾಪಸ್ ಎಂಬ ಲೆಕ್ಕ ನೀವು ಹತ್ತುವ ನಿಲ್ದಾಣದ್ದು, ಇಳಿಯುವುದರದ್ದಲ್ಲ. ಆ ಕಡೆಯಿಂದ ರೇಕು (ಗಾಡಿಯ ಬೋಗಿಗಳ ಸಾಲು) ತಡವಾಗಿ ಬಂದು ಬೆಂಗಳೂರಿನಿಂದಲೇ 3 ಗಂಟೆಗೂ ಮಿಕ್ಕಿ ತಡವಾಗಿ ಹೊರಟರೆ, ಪ್ರಯಾಣ ಬಿಟ್ಟವರಿಗೆ ಪೂರ್ತಿ ಹಣ ಸಿಗುತ್ತದೆ, ತತ್ಕಾಲ್‌ ಟಿಕೆಟ್ಟಿಗೂ. ಟಿಡಿಆರ್ ಮಾತ್ರ ಗಾಡಿ ನಿಜವಾಗಿ ಹೊರಡುವ ಮುಂಚೆಯೇ ಆಗಿರಬೇಕು.

ಇನ್ನು ಗ್ರಾಹಕ ಆಯೋಗದ ದಾರಿ. ಜಮ್ಮುವಿಗೆ ಸುಮಾರು 4 ಗಂಟೆ ತಡವಾಗಿ ಹೋದ ಗಾಡಿಯಿಂದಾಗಿ ಶ್ರೀನಗರದ ವಿಮಾನ ತಪ್ಪಿದ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನು ಎತ್ತಿಹಿಡಿದಿತ್ತು. ವಿಳಂಬಕ್ಕೆ ಕಾರಣ ಏನೆಂದು ರೈಲ್ವೆ ಸಾಬೀತುಪಡಿಸಿರಲಿಲ್ಲ. ಮಂಜು ಬಿದ್ದಿತ್ತು ಎಂದು ತೋರಿಸಿದರೆ ಅದೇ ಫಲ ನಿರೀಕ್ಷಿಸುವುದು ಕಷ್ಟ.