ಅಚ್ಚಿಗೂ ಇ-ಪುಸ್ತಕಕ್ಕೂ ಒಂದೇ ಕಡತ ಸಾಕೇ?

ಪ್ರಶ್ನೆ: ಸರ್, ನಮ್ಮ ತಂದೆಯವರ ಕಥಾಸಂಕಲನವನ್ನು ಡೆಮಿ 1/8 ಆಕಾರದಲ್ಲಿ ಅಚ್ಚು ಹಾಕಿಸಲಿದ್ದೇನೆ. ಡಿಟಿಪಿಯವರು ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ್ದಾರೆ. ದೂರದ ಬಂಧುಗಳಿಗೆ ಇ-ಪುಸ್ತಕವೂ ಬೇಕು. ಅದೇ ಪಿಡಿಎಫ್ ಕೊಟ್ಟರೆ ಸಾಲದೇ?

ಉತ್ತರ: ಕೊಡಬಹುದು, ಆದರೆ ಮೊಬೈಲಿನಲ್ಲಿ ಓದುವವರು ಒಂದೊಂದು ಸಾಲಿಗೂ ಪುಟವನ್ನು ಅತ್ತಿತ್ತ ಸರಿಸುತ್ತಾ ಕೂರಬೇಕು. ಇ-ಪುಸ್ತಕಕ್ಕೆಂದೇ ಇರುವ ಇಪಬ್ ಕಡತವಾದರೆ ಅಕ್ಷರ ಹಿಗ್ಗಿಸಿದಂತೆ ಸಾಲುಗಳು ತಾವೇ ಮುರಿದು ಕೂಡಿಕೊಳ್ಳುತ್ತವೆ. ಅದಕ್ಕೆ ಪಠ್ಯವು ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಿರಲೇಬೇಕು. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಲಾಗಿದೆ; ಆ ಫಾಂಟ್ ಇಲ್ಲದ ಕಡೆ ಕಥೆ ಗೋಜಲಾಗಿ ಕಾಣುತ್ತದೆ.

ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ದಯವಿಟ್ಟು ಒಮ್ಮೆ ಪೂರ್ತಿ ಓದಿ. ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ (೦), ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ (೯) ನುಸುಳಿರುತ್ತದೆ: ‘ಸ೦ಜೆ’, ‘ಕಮ೯’. ಕಾಗದದ ಮೇಲೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಇ-ಪುಸ್ತಕದಲ್ಲಿ ‘ಸಂಜೆ’ ಎಂದು ಹುಡುಕಿದವರಿಗೆ ಮಾತ್ರ ಆ ಪದ ಸಿಗುವುದಿಲ್ಲ.

ಬಳಿಕ ಕಥೆಯ ಹೆಸರು, ಪ್ಯಾರಾ, ಕಥೆಯೊಳಗಿನ ಪತ್ರ ಎಲ್ಲಕ್ಕೂ ಬೇರೆ ಬೇರೆ ಸ್ಟೈಲ್ (ಅಕ್ಷರದ ಗಾತ್ರ, ಅಂತರ ಮುಂತಾದವನ್ನು ಒಂದು ಹೆಸರಿನಡಿ ಕೂಡಿಸಿಟ್ಟ ವಿನ್ಯಾಸ) ಕೊಡಿ. ಜಾಗ ಬಿಡಲು ಎಂಟರ್ ಒತ್ತಬೇಡಿ. ಶೀರ್ಷಿಕೆಯ ಸ್ಟೈಲ್ ಸರಿಯಿದ್ದರೆ ಅಚ್ಚಿನಲ್ಲಿ ಅದೇ ಹೊಸ ಪುಟ ತೆರೆಯುತ್ತದೆ, ಇಪಬ್‌ನಲ್ಲಿ ಅದೇ ಪರಿವಿಡಿಯ ಕೊಂಡಿಯಾಗುತ್ತದೆ. ಇನ್‌ಡಿಸೈನ್ ಎಂಬ ಪುಟ ಕಟ್ಟುವ ತಂತ್ರಾಂಶ ಬಳಸಿದರೆ ಅಚ್ಚಿನ ಪಿಡಿಎಫ್, ಇಪಬ್ ಎರಡನ್ನೂ ಒಂದೇ ಕಡತದಿಂದ ಹೊರತೆಗೆಯಬಹುದು. ಅದರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿಕೊಳ್ಳಿ, ಇಲ್ಲವಾದರೆ ಒತ್ತಕ್ಷರಗಳು ಕಳಚಿ ಬೀಳುತ್ತವೆ. ಫಾಂಟಿಗೆ ನೋಟೋ ಸೆರಿಫ್ ಕನ್ನಡ ಆದೀತು. ಮುಕ್ತ ಪರವಾನಗಿಯದು, ಇ-ಪುಸ್ತಕದೊಳಗೇ ಸೇರಿಸಲು ಅಡ್ಡಿಯಿಲ್ಲ.

ಪ್ರಶ್ನೆ: ಬೆರಳಚ್ಚಿನ ಮೊದಲ ಪ್ರತಿ ನನ್ನಲ್ಲೇ ಇದೆ. ಅದನ್ನೇ ಪರಿವರ್ತಿಸಲೇ? ಮೂರು ಸಲ ಕರಡು ತಿದ್ದಿದ್ದು ಮಾತ್ರ ಪೇಜ್‌ಮೇಕರ್‌ನಲ್ಲಿ ಕಟ್ಟಿದ ಪುಟಗಳ ಮೇಲೆ.

ಉತ್ತರ: ಬೇಡಮ್ಮ, ಆ ಮೂರು ಸಲದ ಶ್ರಮವೆಲ್ಲ ಹೋಗಿಬಿಡುತ್ತದೆ. ಡಿಟಿಪಿಯವರಿಂದ ಕೊನೆಯ ಪೇಜ್‌ಮೇಕರ್ ಕಡತವನ್ನೇ ಕೇಳಿ ಪಡೆಯಿರಿ, ಪಠ್ಯವನ್ನು ಅದರಿಂದ ತೆಗೆಯಿರಿ. ಸಾಲಿನ ಕೊನೆಯಲ್ಲಿ ಪದ ಒಡೆಯಲು ಕೈಯಿಂದ ಹಾಕಿದ ಅಡ್ಡಗೆರೆಗಳನ್ನು ಒಂದೊಂದಾಗಿ ಅಳಿಸಿ. ಉಳಿದರೆ ಇ-ಪುಸ್ತಕದಲ್ಲಿ ಸಾಲಿನ ನಡುವೆ ‘ಮನೆ-ಯಲ್ಲಿ’ ಎಂದು ಕಾಣಿಸಿಕೊಳ್ಳುತ್ತವೆ. ಇನ್ನೂ ಅಚ್ಚಿಗೆ ಹೋಗಿಲ್ಲವಲ್ಲ, ಪುಟಗಳನ್ನು ಈ ಶುದ್ಧ ಪಠ್ಯದಿಂದಲೇ ಮತ್ತೆ ಕಟ್ಟಿಸಿ. ಮುಂದೆ ತಪ್ಪು ಕಂಡರೆ ತಿದ್ದುವುದು ಆ ಒಂದು ಕಡತದಲ್ಲಿ ಮಾತ್ರ.