ಪದಚರ್ಚೆ: ಫೋಮ್ ಗ್ಲೈಡರ್ ಜೋಡಿಸುವ ಕೈಪಿಡಿಗೆ ಬೇಕಾದ ಮಾತುಗಳು

ರೇಡಿಯೋ ನಿಯಂತ್ರಣದ ಫೋಮ್ ಗ್ಲೈಡರ್ ಕಿಟ್ಟೊಂದಕ್ಕೆ ಕನ್ನಡದಲ್ಲಿ ಜೋಡಣೆಯ ಕೈಪಿಡಿ ಬರೆಯುತ್ತಿದ್ದೇನೆ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1.8 ಮೀಟರ್, ಹಾರಲು ಸಿದ್ಧವಾದಾಗ ತೂಕ ಸುಮಾರು ಒಂದು ಕಿಲೋ, ಮೂತಿಯಲ್ಲಿ ಮಡಚಿಕೊಳ್ಳುವ ಪ್ರೊಪೆಲರ್. ಸರ್ವೋ (ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್), ಐಲರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ), ರಡರ್ ಮತ್ತು ಎಲಿವೇಟರ್ (ಬಾಲದಲ್ಲಿ ಆಡುವ ನಿಂತ ಪಟ್ಟಿ, ಮಲಗಿದ ಪಟ್ಟಿ), ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಪೆಟ್ಟಿಗೆ) ಇವಕ್ಕೆ ಕನ್ನಡ ಹುಡುಕುವ ಉದ್ದೇಶವಿಲ್ಲ. ಅಂಗಡಿಯಲ್ಲಿ ಕೇಳಿ ಕೊಳ್ಳುವಾಗ ಆ ಹೆಸರುಗಳೇ ಬೇಕು. ನನ್ನ ಪ್ರಶ್ನೆ ಕೆಲಸವನ್ನು ಹೇಳುವ ಮಾತುಗಳದ್ದು. ಕೆಲವು ಪದಗಳನ್ನು ಓದಿದವರ ಕೈ ತಪ್ಪು ಕೆಲಸ ಮಾಡುತ್ತದೆ, ಮಾದರಿ ಕೆಡುತ್ತದೆ. ಅಂಥವನ್ನು ಸಂದರ್ಭದ ಸಮೇತ ಇಲ್ಲಿಡುತ್ತೇನೆ, ನನಗೆ ತೋಚಿದ ಪದವನ್ನೂ ಜೊತೆಗೆ ಹೇಳುತ್ತೇನೆ. ಒಪ್ಪದಿದ್ದರೆ ತಿದ್ದಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಪದ "ಥರ್ಮಾಕೋಲ್". ಬಿಳಿಯಾಗಿ, ಹಗುರವಾಗಿ, ಕಾಳು ಕಾಳಾಗಿ ಕಾಣುವುದನ್ನೆಲ್ಲ ನಾವು ಹಾಗೆನ್ನುತ್ತೇವೆ. ಟಿವಿ ಪೆಟ್ಟಿಗೆಯೊಳಗೆ ಬರುವ ಥರ್ಮಾಕೋಲ್ ಇಪಿಎಸ್, ಅಂದರೆ ಉಬ್ಬಿಸಿದ ಪಾಲಿಸ್ಟೈರೀನ್. ಕಿಟ್‌ನಲ್ಲಿರುವುದು ಇಪಿಒ ಜಾತಿಯ ಫೋಮ್, ಪಾಲಿಸ್ಟೈರೀನ್ ಮತ್ತು ಪಾಲಿಎಥಿಲೀನ್ ಕೂಡಿದ್ದು. ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿ ಎಲಾಪೋರ್ ಎಂಬ ಹೆಸರಲ್ಲಿ ಕೊಡುವುದೂ ಇದೇ ಬಗೆಯ, ಬಾಗಿದರೂ ಮುರಿಯದ ಫೋಮ್. ಇಪಿಪಿ, ಅಂದರೆ ಉಬ್ಬಿಸಿದ ಪಾಲಿಪ್ರೊಪಿಲೀನ್, ಇನ್ನೂ ಮೆತ್ತಗೆ, ಹಿಂಡಿದರೆ ತಾನಾಗಿ ಮೊದಲಿನ ಆಕಾರಕ್ಕೆ ಬರುತ್ತದೆ. ಚೂರೊಂದನ್ನು ಬಗ್ಗಿಸಿ ನೋಡಿದರೆ ಸಾಕು. ಥರ್ಮಾಕೋಲ್ ಪಟ್ಟನೆ ಮುರಿದು ಕಾಳು ಉದುರುತ್ತದೆ. ಇಪಿಒ ಬಾಗಿ, ಬಾಗಿದ ಕಡೆ ಗೀರು ಬಿದ್ದು ನಿಲ್ಲುತ್ತದೆ.

ಹೆಸರು ತಪ್ಪಿದರೆ ಅಂಟು ತಪ್ಪುತ್ತದೆ. ಫೆವಿಕ್ವಿಕ್ ಥರದ ಸೈನೋ ಅಂಟು ಥರ್ಮಾಕೋಲನ್ನು ಕರಗಿಸಿ ಗುಂಡಿ ಮಾಡುತ್ತದೆ, ಇಪಿಒ ಮೇಲೆ ಚೆನ್ನಾಗಿ ಕೂರುತ್ತದೆ. ಹಾಗಾಗಿ "ಥರ್ಮಾಕೋಲ್" ಎಂದು ಓದಿದವರು ಸೈನೋ ಬಿಟ್ಟು ಬಿಳಿ ಫೆವಿಕೋಲ್ ಹಚ್ಚುತ್ತಾರೆ. ಫೆವಿಕೋಲ್ ಒಣಗಬೇಕಾದರೆ ಅದರ ನೀರು ಆರಬೇಕು. ಎರಡು ಫೋಮ್ ಮುಖಗಳ ನಡುವೆ ನೀರು ಹೋಗಲು ದಾರಿಯೇ ಇಲ್ಲ, ಮೂರು ದಿನ ಬಿಟ್ಟು ಬಿಚ್ಚಿದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಎರಡು ಟ್ಯೂಬಿನ ಎಪಾಕ್ಸಿ ಕಚ್ಚಿದಂತೆ ಕಾಣುತ್ತದೆ. ಆದರೆ ಅದು ಗಾಜಿನಂತೆ ಗಡುಸು, ಫೋಮ್ ಮೆತ್ತಗೆ. ಒಂದೆರಡು ಸಲ ನೆಲಕ್ಕೆ ತಗುಲಿದ ಮೇಲೆ ಅಂಟಿನ ಹೆಕ್ಕಳ ಹಾಗೆಯೇ ಎದ್ದು ಬರುತ್ತದೆ. ಆದ್ದರಿಂದ ಕೈಪಿಡಿಯಲ್ಲಿ "ಥರ್ಮಾಕೋಲ್" ಎಂಬ ಪದ ಎಚ್ಚರಿಕೆಯ ಸಾಲಿನಲ್ಲಿ ಬಿಟ್ಟು ಎಲ್ಲೂ ಬರಬಾರದು, ಉಳಿದ ಕಡೆ "ಫೋಮ್" ಸಾಕು ಎಂಬುದು ನನ್ನ ನಿಲುವು.

ಇದಕ್ಕೇ ಅಂಟಿಕೊಂಡ ಇನ್ನೊಂದು ತೊಡಕು "ಒಣಗಲಿ" ಎಂಬ ಮಾತು. ಒಡಲಿನ ಎಡ ಮತ್ತು ಬಲ ಹೋಳುಗಳನ್ನು ಕೂಡಿಸುವಾಗ ಒಂದು ಹೋಳಿನ ಅಂಚಿಗೆ ಕಿಕ್ಕರ್ ಎಂಬ ಚುರುಕುಕಾರಕವನ್ನು ಸಿಂಪಡಿಸಿ, ಕನಿಷ್ಠ ಎರಡು ನಿಮಿಷ ಬಿಟ್ಟು, ಇನ್ನೊಂದರ ಅಂಚಿಗೆ ಮಧ್ಯಮ ಗಟ್ಟಿಯ ಸೈನೋ ಹಚ್ಚಿ, ಸೇರಿಸಬೇಕು. ಸೇರಿಸಿದ ಗಳಿಗೆಯಲ್ಲೇ ಕಚ್ಚುತ್ತದೆ, ಸರಿಸಿ ಹೊಂದಿಸಲು ಸಮಯವಿಲ್ಲ. ಇಲ್ಲಿ ಒಣಗುವುದು ಕಿಕ್ಕರ್, ಅಂಟಲ್ಲ. "ಅಂಟು ಹಚ್ಚಿ ಒಣಗಲು ಬಿಡಿ" ಎಂದು ಬರೆದರೆ ಸೇರಿಸುವ ಮೊದಲೇ ಎರಡು ನಿಮಿಷ ಕಾಯುತ್ತಾರೆ, ಅಷ್ಟರಲ್ಲಿ ಸೈನೋ ಮೇಲ್ಮೈಯಲ್ಲಿ ಪೊರೆ ಕಟ್ಟಿರುತ್ತದೆ. ಕಿಕ್ಕರಿಗೆ "ಆರು", ಸೈನೋಗೆ "ಕಚ್ಚು", ಎಪಾಕ್ಸಿಗೆ "ಗಟ್ಟಿಯಾಗು" ಎಂದು ಮೂರಕ್ಕೂ ಬೇರೆ ಬೇರೆ ಇಟ್ಟುಕೊಂಡಿದ್ದೇನೆ. ಬಡಗಿಗಳು, ಸೈಕಲ್ ಪಂಕ್ಚರ್ ಹಾಕುವವರು ದಿನವೂ ಆಡುವ ಮಾತುಗಳೇ ಇವು.

"ಒಣ ಜೋಡಣೆ" ಬೇಡ. ಅಂಟು ಹಚ್ಚದೆ ಮೊದಲು ಕೂಡಿಸಿ ನೋಡುವ ಹಂತಕ್ಕೆ ಆ ಪದ ಅಲ್ಲಲ್ಲಿ ಕಂಡಿದೆ, ಓದುವವರಿಗೆ ಹೊಳೆಯುವುದಿಲ್ಲ. "ಅಂಟಿಲ್ಲದೆ ಕೂಡಿಸಿ ನೋಡಿ" ಎಂದರೆ ಮುಗಿಯಿತು. ಆ ಹಂತದಲ್ಲಿ ನೋಡಬೇಕಾದದ್ದು ಮೂರು: ಹೋಳುಗಳ ನಡುವೆ ಬೆಳಕು ಕಾಣಬಾರದು, ಬಾಲದ ಕಡೆಗೆ ಹೋಗುವ ಕೊಳವೆಯೊಳಗಿನ ತಂತಿ ಸಲೀಸಾಗಿ ಓಡಬೇಕು, ಸರ್ವೋ ವೈರು ಎಲ್ಲೂ ಅಂಚಿಗೆ ಸಿಕ್ಕಿಕೊಂಡಿರಬಾರದು.

ಎಡ ಬಲದ ಪ್ರಶ್ನೆಗೆ ಕನ್ನಡದಲ್ಲೇ ಒಳ್ಳೆಯ ಉತ್ತರವಿದೆ. "ಎರಡು ರೆಕ್ಕೆಗೂ ಸರ್ವೋ ಕೂರಿಸಿ, ಹಾರ್ನ್ ಅಂಟಿಸಿ" ಎಂದು ಬರೆದರೆ ಎರಡನ್ನೂ ಒಂದೇ ಥರ ಮಾಡುವವರುಂಟು. ಹಾರ್ನ್ ಎಂದರೆ ಐಲರಾನಿಗೆ ಅಂಟಿಸುವ ತೂತುಗಳ ಪುಟ್ಟ ಕೊಂಬು, ಸರ್ವೋದಿಂದ ಬರುವ ಕಂಬಿ ಅದಕ್ಕೆ ಸಿಗುತ್ತದೆ. ಆಗ ಹಾರ್ನಿನ ತೂತುಗಳ ಸಾಲು ಎರಡೂ ರೆಕ್ಕೆಯಲ್ಲಿ ಒಂದೇ ದಿಕ್ಕಿಗೆ ತಿರುಗಿರುತ್ತದೆ, ಒಂದು ಕಡೆ ಕಂಬಿ ಓರೆಯಾಗಿ ಎಳೆಯುತ್ತದೆ. "ಎರಡು" ಬೇರೆ, "ಜೊತೆ" ಬೇರೆ. ಒಂದು ಜೊತೆ ಚಪ್ಪಲಿ ಎಂದಾಗ ಎಡದ್ದೊಂದು ಬಲದ್ದೊಂದು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಗೆಯೇ "ಹಾರ್ನ್ ಒಂದು ಜೊತೆ", "ಐಲರಾನ್ ಸರ್ವೋ ಒಂದು ಜೊತೆ". ಎಡ ಬಲ ಎಂದರೆ ಯಾವಾಗಲೂ ಬಾಲದ ಹಿಂದೆ ನಿಂತು ಮೂತಿಯ ಕಡೆ ನೋಡುವವರ ಎಡ ಬಲ ಎಂದು ಮೊದಲ ಪುಟದಲ್ಲೇ ಹೇಳಿಬಿಡಬೇಕು. ರೆಕ್ಕೆಯನ್ನು ಮಗುಚಿ ಹಾಕಿ ಸರ್ವೋ ಕೂರಿಸುವಾಗ ಇದು ತಲೆಕೆಳಗಾಗುತ್ತದೆ. ಅದಕ್ಕೇ ಕೆಲಸ ಶುರುಮಾಡುವ ಮುಂಚೆ ರೆಕ್ಕೆಯ ಅಡಿಯಲ್ಲಿ ಪೆನ್ಸಿಲಿನಿಂದ ಎ, ಬ ಎಂದು ಬರೆಯಿಸುತ್ತಿದ್ದೇನೆ.

ಕೀಲು. ಈ ಕಿಟ್‌ನ ಐಲರಾನಿಗೆ ಬೇರೆ ಕೀಲಿಲ್ಲ, ಫೋಮನ್ನೇ ತೆಳುವಾಗಿ ಅಚ್ಚು ಹಾಕಿರುತ್ತಾರೆ. ಎರಡು ತುದಿಗಳಲ್ಲಿ ಮಾತ್ರ ಹರಿತವಾದ ಬ್ಲೇಡಿನಿಂದ ಸುಮಾರು 1 ಮಿ.ಮೀ. ಸಂದು ಬರುವಂತೆ ಕೊಯ್ದು, ಆಮೇಲೆ ಕೈಯಿಂದ ಮೇಲೆ ಕೆಳಗೆ ಹತ್ತು ಹದಿನೈದು ಸಲ ಮೆಲ್ಲನೆ ಆಡಿಸಬೇಕು. "ಕೀಲನ್ನು ಬಿಡಿಸಿ" ಎಂದರೆ ಉದ್ದಕ್ಕೂ ಕೊಯ್ದು ಐಲರಾನನ್ನೇ ಕೈಗೆ ತೆಗೆದುಕೊಳ್ಳುತ್ತಾರೆ. "ಸಡಿಲಿಸಿ" ಎಂದರೂ ಸರಿಹೋಗದು, ಸಡಿಲ ಇರಬಾರದಲ್ಲ. "ಪಳಗಿಸಿ" ಎಂಬುದು ನನಗೆ ಹಿಡಿಸಿದೆ. ಗಡುಸಾಗಿದ್ದದ್ದು ಕೈಗೆ ಬಗ್ಗುವಂತಾಗಬೇಕು, ಬೇರೆಯಾಗಬಾರದು ಎಂಬ ಎರಡೂ ಅರ್ಥ ಅದರಲ್ಲಿವೆ. ಪಳಗಿಸದೆ ಬಿಟ್ಟರೆ 9 ಗ್ರಾಂ ಸರ್ವೋ ಸದಾ ಫೋಮಿನ ಬಿಗಿಯ ವಿರುದ್ಧ ತಳ್ಳುತ್ತ ಗುಯ್‌ಗುಡುತ್ತದೆ, ಬ್ಯಾಟರಿ ತಿನ್ನುತ್ತದೆ, ರಿಮೋಟಿನ ಸ್ಟಿಕ್ ಬಿಟ್ಟ ಮೇಲೆ ಐಲರಾನ್ ನೆಟ್ಟಗೆ ನಡುವಿಗೆ ಬರುವುದಿಲ್ಲ.

"ಅಲುಗಾಟ" ಮತ್ತು "ಸಡಿಲ" ಎರಡನ್ನೂ ಬೇರ್ಪಡಿಸಬೇಕು. ಗ್ಯಾರೇಜಿನಲ್ಲಿ "ಪ್ಲೇ ಇದೆ" ಅನ್ನುತ್ತಾರಲ್ಲ, ಅದಕ್ಕೆ ಅಲುಗಾಟ. ಹಾರ್ನಿನ ತೂತು ಕಂಬಿಗಿಂತ ದೊಡ್ಡದಾದರೆ ಎಲಿವೇಟರಿನ ಹಿಂದಿನ ಅಂಚಿನಲ್ಲಿ ಒಂದೆರಡು ಮಿ.ಮೀ. ಅಲುಗಾಟ ಬರುತ್ತದೆ, ಪ್ರತಿ ಸಲವೂ ಅದು ಬೇರೆ ಜಾಗದಲ್ಲಿ ನಿಲ್ಲುತ್ತದೆ, ಟ್ರಿಮ್ (ರಿಮೋಟಿನಲ್ಲಿ ನಡುವನ್ನು ಚೂರು ಆಚೀಚೆ ಸರಿಸುವ ಗುಂಡಿ) ಎಷ್ಟು ಸರಿಮಾಡಿದರೂ ನಿಲ್ಲದು. ಸಡಿಲ ಎಂದರೆ ತಿರುಪು ಬಿಗಿಯಾಗಿಲ್ಲ ಎಂದಷ್ಟೇ.

ಸರ್ವೋ ಸಂದರ್ಭದಲ್ಲಿ "ನಡು" ಎಂಬುದು ಜಾಗವಲ್ಲ, ಸ್ಥಿತಿ. ಟ್ರಾನ್ಸ್‌ಮಿಟರ್ ಆನ್ ಮಾಡಿ, ಟ್ರಿಮ್‌ಗಳೆಲ್ಲ ಸೊನ್ನೆಯಲ್ಲಿಟ್ಟು, ಆಮೇಲೆ ರಿಸೀವರಿಗೆ ಕರೆಂಟು ಕೊಟ್ಟಾಗ ಸರ್ವೋ ತಾನಾಗಿ ಬಂದು ನಿಲ್ಲುವ ಸ್ಥಿತಿ ಅದು. ಸರ್ವೋದ ತೋಳನ್ನು, ಅಂದರೆ ಕಂಬಿಯನ್ನು ಹಿಡಿಯುವ ಕಡ್ಡಿಯನ್ನು, ಕೂರಿಸಬೇಕಾದದ್ದು ಆಗ. "ತೋಳನ್ನು ನಡುವಿಗೆ ತಿರುಗಿಸಿ" ಎಂದು ಬರೆದದ್ದನ್ನು ಓದಿ ಕರೆಂಟಿಲ್ಲದೆ ಕೈಯಲ್ಲಿ ತಿರುಚಿದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗುತ್ತದೆ. "ಸರ್ವೋವನ್ನು ನಡುವಿಗೆ ಬರಿಸಿ" ಎಂದು ಬರೆದಿದ್ದೇನೆ. ಸಣ್ಣ ಸರ್ವೋಗಳಲ್ಲಿ ತೋಳು ಕೂರುವ ಮೊಳೆಯಲ್ಲಿ ಸುಮಾರು 20 ಹಲ್ಲುಗಳಿರುತ್ತವೆ, ಒಂದು ಹಲ್ಲು ಎಂದರೆ 18 ಡಿಗ್ರಿ. ಆದ್ದರಿಂದ ತೋಳು ನೇರ ಲಂಬಕ್ಕೆ ಬರದೆ ಇರಬಹುದು. ಆಗ ಅತಿ ಹತ್ತಿರದ ಹಲ್ಲಿಗೆ ಕೂರಿಸಿ, ಉಳಿದ ವ್ಯತ್ಯಾಸವನ್ನು ರಿಮೋಟಿನ ಸೂಕ್ಷ್ಮ ಹೊಂದಿಕೆಯಾದ ಸಬ್‌ಟ್ರಿಮ್‌ನಲ್ಲಿ ತೆಗೆಯಬೇಕು.

ಸ್ಟಿಕ್ಕಿನ ವಿಷಯದಲ್ಲಿ "ಮೇಲೆ", "ಕೆಳಗೆ" ಬಳಸದಿರುವುದೇ ಕ್ಷೇಮ. "ಸ್ಟಿಕ್ ಕೆಳಗೆ, ಎಲಿವೇಟರ್ ಮೇಲೆ" ಎಂಬ ಸಾಲನ್ನು ಯಾರೂ ಒಂದೇ ಓದಿಗೆ ಸರಿಯಾಗಿ ಹಿಡಿಯುವುದಿಲ್ಲ. ಸ್ಟಿಕ್ಕನ್ನು "ತಮ್ಮ ಕಡೆ ಎಳೆದರೆ" ಎಲಿವೇಟರ್ ಮೇಲೇಳಬೇಕು, "ಆಚೆ ತಳ್ಳಿದರೆ" ಇಳಿಯಬೇಕು. ಬಲಕ್ಕೆ ಸರಿಸಿದರೆ ಬಲದ ಐಲರಾನ್ ಮೇಲೇಳಬೇಕು. ಬಲಕ್ಕೆ ವಾಲುವುದೆಂದರೆ ಬಲದ್ದು ಕೆಳಗೆ ಹೋಗುವುದು ಎಂದು ತಿಳಿದು ಇದನ್ನು ತಿರುಗುಮುರುಗಾಗಿ ಜೋಡಿಸಿದ ಗ್ಲೈಡರ್ ಕೈಬಿಟ್ಟ ಒಂದೆರಡು ಸೆಕೆಂಡಿನಲ್ಲೇ ನೆಲ ಕಾಣುತ್ತದೆ. ಐಲರಾನ್ ಮೇಲೇಳುವಷ್ಟು ಕೆಳಗಿಳಿಯಬಾರದು. ಈ ಅಳತೆಯ ಮಾದರಿಯಲ್ಲಿ ಮೇಲಕ್ಕೆ 20 ಮಿ.ಮೀ. ಇಟ್ಟರೆ ಕೆಳಕ್ಕೆ 10 ಸಾಕು. ಕೆಳಗಿಳಿದ ಐಲರಾನ್ ತನ್ನ ಕಡೆಯ ರೆಕ್ಕೆಯನ್ನು ಹಿಂದಕ್ಕೆ ಜಗ್ಗಿ ಮೂತಿಯನ್ನು ತಿರುವಿನ ಹೊರಗೆ ಎಳೆಯುತ್ತದೆ.

ಇನ್ನು ಕನ್ನಡ ನಿಜಕ್ಕೂ ಶ್ರೀಮಂತವಾಗಿರುವ ಕಡೆಗೆ ಬರೋಣ. ರೆಕ್ಕೆ ಕೆಡುವ ಬಗೆ ಒಂದೇ ಅಲ್ಲ, ಪರಿಹಾರವೂ ಒಂದೇ ಅಲ್ಲ. "ಸೊಟ್ಟಗಾಗಿದೆ" ಎಂದು ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸಿದರೆ ಯಾವ ಔಷಧಿ ಎಂದು ತಿಳಿಯದು. ನಾನು ಹೀಗೆ ಹಂಚಿಕೊಂಡಿದ್ದೇನೆ. ಬುಡದಿಂದ ತುದಿಯವರೆಗೆ ಬಿಲ್ಲಿನ ಹಾಗೆ ಮೇಲಕ್ಕೋ ಕೆಳಕ್ಕೋ ಹೋಗಿದ್ದರೆ "ಬಾಗು". ಇದು ಬಹುಪಾಲು ಸ್ಪಾರ್ ಕೊಳವೆಯನ್ನು (ರೆಕ್ಕೆಯ ಉದ್ದಕ್ಕೂ ಹೋಗುವ ಬೆನ್ನೆಲುಬನ್ನು) ಅಂಟಿಸುವಾಗ ರೆಕ್ಕೆ ಚಪ್ಪಟೆ ಮೇಜಿನ ಮೇಲೆ ಒತ್ತಿ ಕೂತಿಲ್ಲದ್ದರ ಫಲ. ಅಂಟು ಕಚ್ಚಿದ ಮೇಲೆ ಬಾಗನ್ನು ತೆಗೆಯುವುದು ಕಷ್ಟ, ಆದ್ದರಿಂದ ಮೊದಲೇ ಪುಸ್ತಕ ಹೇರಿ ಒತ್ತಬೇಕು. ಎರಡು ರೆಕ್ಕೆಗಳಲ್ಲಿ ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಕೂತಿದ್ದರೆ "ಓರೆ". ಒಡಲಿನ ಹಿಂತುದಿಯಲ್ಲಿ ಗುಂಡುಸೂಜಿ ಚುಚ್ಚಿ, ಅಲ್ಲಿಂದ ಎರಡು ರೆಕ್ಕೆತುದಿಗೂ ದಾರ ಹಿಡಿದು ಅಳೆದರೆ ಓರೆ ಗೊತ್ತಾಗುತ್ತದೆ. ಕೂರುವ ಜಾಗದಲ್ಲಿ ಉಳಿದ ಅಂಟಿನ ಗಂಟನ್ನು ಉಪ್ಪು ಕಾಗದದಿಂದ ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರೆಕ್ಕೆಯ ಬುಡ ಒಂದು ಕೋನದಲ್ಲಿ, ತುದಿ ಇನ್ನೊಂದು ಕೋನದಲ್ಲಿ ಇದ್ದರೆ "ತಿರುಚು".

ಮೂರರಲ್ಲಿ ತಿರುಚೇ ಅಪಾಯದ್ದು, ಕಣ್ಣಿಗೆ ಬೀಳುವುದೂ ಕಡಿಮೆ. ಮಾದರಿಯ ಹಿಂದೆ ಎರಡು ಮೂರು ಮೀಟರ್ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಬೇಕು. ಎರಡೂ ರೆಕ್ಕೆಗಳ ಮೇಲ್ಮುಖ ಒಂದೇ ಅಳತೆಯಲ್ಲಿ ಕಾಣಬೇಕು. ಒಂದರಲ್ಲಿ ಹೆಚ್ಚು ಕಂಡರೆ ತಿರುಚಿದೆ. ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಮುಚ್ಚಿದ ಕಾರಿನೊಳಗೆ ಒರಗಿಸಿಟ್ಟ ರೆಕ್ಕೆಗೆ ಇದು ಸುಲಭವಾಗಿ ಆಗುತ್ತದೆ. ತೆಗೆಯುವುದೂ ಶಾಖದಿಂದಲೇ: ಹೇರ್ ಡ್ರೈಯರ್‌ನಿಂದ ಉದ್ದಕ್ಕೂ ಸಮನಾಗಿ ಬಿಸಿಮಾಡಿ, ಎದುರು ದಿಕ್ಕಿಗೆ ಬೇಕಾದ್ದಕ್ಕಿಂತ ಚೂರು ಹೆಚ್ಚಾಗಿ ತಿರುಚಿ, ಪೂರ್ತಿ ತಣ್ಣಗಾಗುವವರೆಗೆ ಹಿಡಿದುಕೊಂಡಿರಬೇಕು. ಬೇಗ ಬಿಟ್ಟರೆ ಹಳೆಯ ಜಾಗಕ್ಕೇ ಮರಳುತ್ತದೆ. ಒಂದೇ ಕಡೆ ಗಾಳಿ ಹಿಡಿದರೆ ಫೋಮಿನ ಕಾಳು ಉಬ್ಬಿ ದದ್ದು ಏಳುತ್ತದೆ, ಅದನ್ನು ಸರಿಮಾಡಲಾಗದು.

"ಗುರುತ್ವ ಕೇಂದ್ರವನ್ನು ಗುರುತಿಸಿ" ಎಂಬ ಸಾಲು ಕೈಪಿಡಿಯಲ್ಲಿ ಬರಲೇಬಾರದು. ಗುರುತಿಸು ಎಂದರೆ ಗೆರೆ ಎಳೆ ಎಂದೂ ಆಗುತ್ತದೆ, ಎಲ್ಲಿದೆ ಎಂದು ಕಂಡುಹಿಡಿ ಎಂದೂ ಆಗುತ್ತದೆ. ತಯಾರಕರು ಕೊಟ್ಟ ಅಳತೆಯನ್ನು ರೆಕ್ಕೆಯ ಬುಡದಲ್ಲಿ ಮುಂದಿನ ಅಂಚಿನಿಂದ ಹಿಂದಕ್ಕೆ ಅಳೆದು ಎರಡೂ ಕಡೆ ಅಡಿಯಲ್ಲಿ ಎಳೆಯುವ ಗೆರೆ ಒಂದು. ಬ್ಯಾಟರಿ ಸಮೇತ ಎಲ್ಲ ಕೂರಿಸಿದ ಮೇಲೆ ಮಾದರಿ ನಿಜವಾಗಿ ಸಮತೂಗುವ ಜಾಗ ಇನ್ನೊಂದು. ಮೊದಲನೆಯದಕ್ಕೆ "ತೂಗುಗೆರೆ", ಎರಡನೆಯದಕ್ಕೆ "ತೂಕದ ನಡು" ಎಂದಿಟ್ಟಿದ್ದೇನೆ. ಆಗ ಸೂಚನೆ ತಾನಾಗಿ ನೇರವಾಗುತ್ತದೆ: ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ತೂಕದ ನಡುವನ್ನು ತೂಗುಗೆರೆಗೆ ತನ್ನಿ. ಬಾಲದಲ್ಲಿ ಅಂಟು ಸುರಿಯಬಾರದೆಂಬುದಕ್ಕೆ ಲೆಕ್ಕವೂ ಇದೇ ಪದಗಳಲ್ಲಿ ಬರುತ್ತದೆ. ತೂಗುಗೆರೆಯಿಂದ ಬಾಲ 700 ಮಿ.ಮೀ. ಹಿಂದೆ, ಮೂತಿ 250 ಮಿ.ಮೀ. ಮುಂದೆ ಇದ್ದರೆ, ಬಾಲದಲ್ಲಿ ಹೆಚ್ಚಾದ 5 ಗ್ರಾಂ ಅಂಟಿಗೆ ಮೂತಿಯಲ್ಲಿ 14 ಗ್ರಾಂ ಸೀಸ ಸೇರಿಸಬೇಕು.

ಕೊನೆಗೆ ಸ್ಟಾಲ್. ಕಾರು, ಬೈಕು ಬಲ್ಲವರಿಗೆ ಸ್ಟಾಲ್ ಎಂದರೆ ಎಂಜಿನ್ ನಿಂತದ್ದು. ಗ್ಲೈಡರಿನಲ್ಲಿ ಮೋಟಾರ್ ನಿಂತಿರುವುದೇ ಸಹಜ, ಹಾಗಾಗಿ ಆ ಪದ ದಾರಿ ತಪ್ಪಿಸುತ್ತದೆ. ವೇಗ ತಗ್ಗಿ ಮೂತಿ ಹೆಚ್ಚು ಎದ್ದಾಗ ಗಾಳಿ ರೆಕ್ಕೆಯ ಮೇಲ್ಮೈಯಿಂದ ಬಿಟ್ಟುಹೋಗಿ, ಎತ್ತುವ ಬಲ ದಿಢೀರನೆ ಕುಸಿಯುವುದು ಅದು. "ರೆಕ್ಕೆ ಸೋತಿತು" ಎಂದರೆ ಹೇಗೆ? ನಡೆದು ಕಾಲು ಸೋತವು, ಹೊತ್ತು ಕೈ ಸೋತಿತು ಎನ್ನುವ ಭಾಷೆ ನಮ್ಮದು. ಹೊರಲಾರದೆ ಕೈಬಿಟ್ಟಿತು ಎಂಬ ಅರ್ಥ ಅಲ್ಲಿ ಆಗಲೇ ಇದೆ. "ರೆಕ್ಕೆ ಸೋತರೆ ಸ್ಟಿಕ್ ಎಳೆಯಬೇಡಿ, ಆಚೆ ತಳ್ಳಿ ವೇಗ ಬರಲು ಬಿಡಿ" ಎಂಬ ಸಾಲು ನನಗೆ ಪೂರ್ತಿ ಕನ್ನಡವಾಗಿ ಕೇಳಿಸುತ್ತದೆ.

ಉತ್ತರ ಸಿಗದೆ ಉಳಿದದ್ದು ವಾಷ್ಔಟ್. ತಿರುಚು ತಪ್ಪು ಎಂದು ಮೇಲೆ ಹೇಳಿದೆ, ಆದರೆ ಬೇಕೆಂದೇ ಇಟ್ಟ ತಿರುಚೂ ಉಂಟು. ರೆಕ್ಕೆಯ ತುದಿಯನ್ನು ಬುಡಕ್ಕಿಂತ ಒಂದೆರಡು ಡಿಗ್ರಿ ಕಡಿಮೆ ಕೋನದಲ್ಲಿ, ಎರಡೂ ಕಡೆ ಸಮನಾಗಿ ಅಚ್ಚು ಹಾಕಿರುತ್ತಾರೆ. ಬುಡ ಮೊದಲು ಸೋತು, ಐಲರಾನ್ ಇರುವ ತುದಿ ಇನ್ನೂ ಹೊರುತ್ತಿದ್ದರೆ ಮಾದರಿ ಒಂದು ಪಕ್ಕಕ್ಕೆ ಮಗುಚಿ ಬೀಳದೆ ಮೂತಿ ಬಗ್ಗಿಸಿ ಚೇತರಿಸಿಕೊಳ್ಳುತ್ತದೆ. ಇದನ್ನು ಕೆಡುಕೆಂದು ತಿಳಿದು ಬಿಸಿಮಾಡಿ ನೆಟ್ಟಗೆ ಮಾಡಿಬಿಡುವ ಭಯವಿದೆ. "ತುದಿಯಿಳಿಕೆ" ಎಂದು ಯೋಚಿಸಿದೆ, ಆದರೆ ಅದನ್ನು ಓದಿದರೆ ತುದಿ ಕೆಳಕ್ಕೆ ಜೋತು ಬಿದ್ದಂತೆ ಅನಿಸುತ್ತದೆ, ಅದು ಬಾಗು. "ಹದತಿರುಚು" ಇನ್ನೊಂದು, ಅಷ್ಟಾಗಿ ನಾಲಿಗೆಗೆ ಬರುತ್ತಿಲ್ಲ. ಕರಾವಳಿಯಲ್ಲಿ ದೋಣಿಯ ಹಲಗೆಯನ್ನು ಶಾಖ ಕೊಟ್ಟು ತಿರುಚಿ ಕೂರಿಸುವವರಲ್ಲಿ, ನೇಗಿಲು ಮಾಡುವ ಬಡಗಿಗಳಲ್ಲಿ, ಬೇಕೆಂದೇ ಕೊಡುವ ತಿರುಚಿಗೆ ಬೇರೆ ಹೆಸರಿದ್ದರೆ ದಯವಿಟ್ಟು ಬರೆಯಿರಿ. ಯಾವ ಊರಿನ ಮಾತು, ಯಾವ ಕೆಲಸಕ್ಕೆ ಬಳಸುತ್ತಾರೆ ಎಂಬುದನ್ನೂ ಸೇರಿಸಿ.